ಪಕ್ಕದ ಮನೆಯ ಅಂಕಲ್‌ಗೆ ಬಣ್ಣ ಹೇಳಿದ್ದು

ಮೊನ್ನೆ ಸೀರೆಗಳಿಗೆ ಗಾಳಿಯಾಡಿಸೋಣವೆಂದು ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಈ ವಾಸನೆಗೆ ಬೇರೆಯವರಿಗೆ ಅಮ್ಮನ ಟ್ರಂಕು ನೆನಪಾಗುತ್ತದಂತೆ. ನನಗೆ ನೆನಪಾಗುವುದು ಮಲೇಷ್ಯಾದ ಮಾಂಟ್ ಕಿಯಾರಾದಲ್ಲಿದ್ದ ನಮ್ಮ ಹಳೆಯ ಫ್ಲಾಟಿನ ಪಕ್ಕದ ಮನೆ, ಅಲ್ಲಿನ ಊಟದ ಮೇಜು, ಹುಳ ಹಿಡಿಯದಂತೆ ನುಸಿಗುಳಿಗೆ ಹಾಕಿ ಮೇಜಿನ ತುಂಬ ಹರಡಿದ ಕೋಳಿ, ಬಾತು, ನವಿಲುಗಳ ಪುಕ್ಕ… ಆ ಮೇಜಿನ ಮೇಲೆ ಯಾರಾದರೂ ಊಟ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಪಕ್ಕದ ಮನೆಯ ಅಂಕಲ್ ಮಂಗಳೂರಿನ ಕ್ಯಾಥೊಲಿಕರು. ಕ್ಲಾಂಗ್ ಬಂದರಿನಲ್ಲಿ ದುಡಿದು ನಿವೃತ್ತರಾಗಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ ಆಂಟಿ, ಇಬ್ಬರೇ. ಗಾಳದ ಕೊಕ್ಕೆಗೆ ಪುಕ್ಕ, ರೇಷ್ಮೆದಾರ, ಮಿನುಗುವ ಎಳೆ ಸುತ್ತಿ ಹುಸಿ ಹುಳುಗಳನ್ನು ಕಟ್ಟುವುದು ಅವರ ಹುಚ್ಚು. ಅವಕ್ಕೆ ಫ್ಲೈ ಎನ್ನುತ್ತಿದ್ದರು. ಅದೂ ಮಲೇಷ್ಯಾದ ಯಾವ ಮೀನಿಗೂ ಅಲ್ಲ! ಕೆನಡಾದ ತಣ್ಣನೆಯ ನದಿಗಳಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಕೊಬ್ಬಿ, ಮತ್ತೆ ನದಿಗೆ ಬರುವ ಸ್ಟೀಲ್‌ಹೆಡ್ ಎಂಬ ಮೀನಿಗೆ. ಹರೆಯದಲ್ಲಿ, ಹಡಗಿನ ಕೆಲಸದಲ್ಲಿದ್ದಾಗ, ಒಮ್ಮೆ ಅದು ಅವರ ಗಾಳಕ್ಕೆ ಬಿದ್ದು ದಡದ ಹತ್ತಿರ ತಪ್ಪಿಸಿಕೊಂಡಿತ್ತು. ಎಪ್ಪತ್ತರ ಹೊಸ್ತಿಲಲ್ಲಿ ಇನ್ನೊಮ್ಮೆ, ಒಂದೇ ಒಂದು ವಾರಕ್ಕೆ, ಅಲ್ಲಿಗೆ ಹೋಗಲು ಟಿಕೆಟ್ ತೆಗೆಸಿದ್ದರು. ಹಿಡಿದರೂ ತಿನ್ನುವುದಿಲ್ಲ, ನೀರಿಗೇ ಬಿಡುತ್ತಾರಂತೆ. ಮೀನಿನ ವಾಸನೆ ಬಂದರೆ ಲಿಫ್ಟಿನಿಂದ ಇಳಿದುಬಿಡುತ್ತಿದ್ದ ನನಗೆ ಆ ಮಾತು ಕೇಳಿದ ಮೇಲೆಯೇ ಅವರ ಮನೆಯೊಳಗೆ ಕಾಲಿಡುವ ಧೈರ್ಯ ಬಂದದ್ದು.

ಎಲ್ಲ ಇರುವುದು ಬಣ್ಣದಲ್ಲಿ ಎನ್ನುತ್ತಿದ್ದರು. ಕಲಕಿದ ನೀರಿಗೆ ಕಣ್ಣು ಕುಕ್ಕುವ ಕಿತ್ತಳೆ, ತಿಳಿನೀರಿಗೆ ಮಂಕು ಬಣ್ಣ, ಮೋಡ ಕವಿದ ದಿನಕ್ಕೆ ನೇರಳೆ. ಪುಕ್ಕದ ಡಬ್ಬಿ ತೆರೆದು "ಇದು ಯಾವ ಬಣ್ಣ ಹೇಳು ಮಾರಾಯ್ತಿ" ಎಂದು ನನ್ನನ್ನು ಕೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಸೀರೆ ಬಣ್ಣಗಳು. ಕನಕಾಂಬರ, ಗಿಳಿಹಸಿರು, ಬದನೆಕಾಯಿ ಎಂದು ನಾನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸುತ್ತಿದ್ದರು. ಮುದುಕರಿಗೆ ಹೊತ್ತು ಹೋಗದೆ ಆಡುವ ಆಟ ಎಂದುಕೊಂಡಿದ್ದೆ.

ಒಂದು ದಿನ ಹೊಸದಾಗಿ ಕಟ್ಟಿದ ಹತ್ತು ಹನ್ನೆರಡು ಫ್ಲೈಗಳನ್ನು ಅಂಗೈ ಮೇಲಿಟ್ಟು, "ನೇರಳೆ ಹೇಗೆ ಬಂದದೆ?" ಎಂದರು. ಒಂದೂ ನೇರಳೆಯಲ್ಲ. ಎಲ್ಲ ಕಂದು. "ತುಂಬಾ ಚೆನ್ನಾಗಿದೆ ಅಂಕಲ್" ಎಂದೆ. ಹಿರಿಯರು ಉಪ್ಪಿಲ್ಲದ ಸಾರು ಬಡಿಸಿದರೂ ಚೆನ್ನಾಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುವ ಮೈಸೂರಿನವಳು ನಾನು. ಗಂಡಸರಿಗೆ ಬಣ್ಣ ಎಲ್ಲಿ ಗೊತ್ತಾಗುತ್ತದೆ, ಮೀನಿಗಂತೂ ಏನು ತಿಳಿದೀತು ಎಂಬ ಉಡಾಫೆ ಬೇರೆ. ಹೀಗೆ ಮೂರು ವಾರ ಚೆನ್ನಾಗಿದೆ ಎಂದೆ. ಪ್ರವಾಸದ ಪೆಟ್ಟಿಗೆ ತುಂಬುತ್ತ ಬಂತು.

ಗುಟ್ಟು ರಟ್ಟು ಮಾಡಿದವಳು ನನ್ನ ಮಗಳು. ಆಗ ಅವಳಿಗೆ ಒಂಬತ್ತು. ಕನ್ನಡದಲ್ಲಿ ಏನು ಕೇಳಿದರೂ ಮಾತಿಗೊಂದು 'ಲಾ' ಸೇರಿಸುವ ಅಲ್ಲಿನ ಇಂಗ್ಲಿಷಿನಲ್ಲೇ ಉತ್ತರ. ಅಂಕಲ್ ಪೆಟ್ಟಿಗೆ ತೋರಿಸಿ "ನೇರಳೆ ಚಂದ ಉಂಟಾ ಮಗಾ?" ಎಂದರೆ, "ನೋ ಲಾ ಅಂಕಲ್! ದಿಸ್ ಈಸ್ ಆಲ್ ಬ್ರೌನ್!" ಎಂದುಬಿಟ್ಟಳು.

ಅಂಕಲ್ ನನ್ನ ಕಡೆ ತಿರುಗಿದರು.

"ನಿಮಗೆ ಬೇಜಾರಾಗುತ್ತೆ ಅಂತ…" ಎಂದೆ.

"ಬೇಜಾರು ಮಾಡ್ಲಿಕ್ಕೆ ನದಿ ಉಂಟಲ್ಲ. ನನ್ನ ಕಣ್ಣಿಗೆ ಪೊರೆ ಬಂದದೆ ಮಾರಾಯ್ತಿ, ಡಬ್ಬಿಯಿಂದ ಹೊರಗೆ ತೆಗೆದ್ರೆ ನೇರಳೆ, ಕಂದು ಎಲ್ಲ ಒಂದೇ ಕಾಣ್ತದೆ. ಆಪರೇಷನ್‌ಗೆ ಹೆದರಿಕೆ. ಅದಕ್ಕೇ ನಿನ್ನ ಹತ್ರ ಕೇಳಿದ್ದು."

ನನಗೆ ನಾಚಿಕೆಯಿಂದ ಕಣ್ಣು ತುಂಬಿತು. ನಾಲ್ಕು ದಿನ ಆ ಮನೆಯ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಅವರೇ ಬೆಲ್ ಒತ್ತಿದರು. ಮಾಮಕ್ ಎನ್ನುವ ತಮಿಳು ಮುಸ್ಲಿಮರ ಅಂಗಡಿಯಿಂದ ಪರೋಟದಂಥ ರೊಟಿ ಚನಾಯ್ ಪಾರ್ಸೆಲ್ ಮಾಡಿಸಿ ತಂದಿದ್ದರು.

"ಬಾ, ಹೊರಡ್ಲಿಕ್ಕೆ ಇನ್ನು ಹದಿನೈದು ದಿನ ಉಂಟು. ಇನ್ನೊಮ್ಮೆ ಚೆನ್ನಾಗಿದೆ ಅಂದ್ರೆ ಜಾಗ್ರತೆ!"

ದಿನವೂ ಆಫೀಸಿನಿಂದ ಬಂದು ಅವರ ಎದುರು ಕೂತೆ. "ಇದಲ್ಲ, ಬಿಚ್ಚಿ" ಎಂದರೆ ಬ್ಲೇಡು ಹಿಡಿದು ಬಿಚ್ಚುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಆ ಊರಿನಲ್ಲಿ ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಇರಲಿಲ್ಲ.

ಕೆನಡಾದಲ್ಲಿ ಐದು ದಿನ ಏನೂ ಸಿಗಲಿಲ್ಲ. ಆರನೆಯ ದಿನ ಮೆಸೇಜು ಬಂತು: "ಕನಕಾಂಬರಕ್ಕೆ ಒಂದು ಬಂತು. ಬಿಟ್ಟೆ." ಸೈಬರ್‌ಜಯಾದ ಆಫೀಸಿನಲ್ಲಿ ಮೀಟಿಂಗ್ ನಡುವೆ ನಾನು ಕೂಗಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. ವಾಪಸು ಬಂದವರು ಧೈರ್ಯ ಮಾಡಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಎರಡು ವರ್ಷ ಎಲ್ಲ ಬಣ್ಣವನ್ನೂ ಸರಿಯಾಗಿ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಹೃದಯಾಘಾತ…

ಮನೆಯಲ್ಲಿ ಅವರಿಗೆ ಕೋಟು ತೊಡಿಸಿ ಮಲಗಿಸಿದ್ದರು. ಆಂಟಿ ತಾವೇ ಆರಿಸಿ ಕಟ್ಟಿದ ಟೈ ಸರಿಪಡಿಸುತ್ತ, "ಚಂದ ಕಾಣ್ತದಾ?" ಎಂದು ಕೇಳಿದರು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು.

"ಇಲ್ಲ ಆಂಟಿ," ಎಂದೆ. "ಮಂಕಾಗಿದೆ. ಬೇರೆ ಕಟ್ಟಿ."

ಆಂಟಿ ಬೇರೆ ಟೈ ತರಲು ಒಳಗೆ ಹೋದರು.

ನಾವೀಗ ಬೇರೆ ಕಾಂಡೋದಲ್ಲಿದ್ದೇವೆ. ನೆರೆಯವರೆಲ್ಲ ಒಳ್ಳೆಯವರೇ. ಆದರೆ ಯಾವ ಬಣ್ಣ ಹೇಳು ಎಂದು ನನ್ನನ್ನು ಕೇಳುವವರು ಯಾರೂ ಇಲ್ಲ. ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ…