ವೀಳ್ಯದೆಲೆಯಲ್ಲಿ ಕಂಡ ಆನೆ

ಮೊನ್ನೆ ವಿನೋಬನಗರದ ನಮ್ಮ ಮನೆಯಲ್ಲಿ ಮೊಮ್ಮಗಳ ಕೂಸಿಗೆ ಕಾಡಿಗೆ ಮಾಡುತ್ತಿದ್ದರು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಾಕಿದ್ದರು. ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹಿತ್ತಿಲಿಗೆ ನಡೆದುಬಿಟ್ಟೆ. ಅಜ್ಜಿಗೆ ಹೊಗೆ ಆಗುವುದಿಲ್ಲ ಅಂದುಕೊಂಡರು. ನನಗೆ ಅಂಜನದಜ್ಜ ನೆನಪಾಗಿದ್ದರು...

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಎದುರು ಸಾಲಿನ ಮನೆಯಲ್ಲಿ ಅಜ್ಜ ಮಗನ ಜೊತೆಗಿದ್ದರು. ಯಾರ ಮನೆಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವರಿಗೆ ಕರೆ ಹೋಗುತ್ತಿತ್ತು. ವೀಳ್ಯದೆಲೆಗೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ, ಒಂದು ಮಗುವನ್ನು ಎದುರು ಕೂರಿಸಿ ಅದರೊಳಗೆ ನೋಡಲು ಹೇಳುತ್ತಿದ್ದರು. ಕದ್ದವರು ಆ ಕಪ್ಪಿನಲ್ಲಿ ಕಾಣಿಸಬೇಕು. ಎಲ್ಲ ಮಕ್ಕಳಿಗೂ ಕಾಣುವುದಿಲ್ಲ, ಕಾಲು ಮುಂದಾಗಿ ಹುಟ್ಟಿದ ಮಗುವೇ ಆಗಬೇಕು. ನಾನು ಹಾಗೆ ಹುಟ್ಟಿದವಳು.

ನಾಲ್ಕು ಹೆಣ್ಣುಮಕ್ಕಳಲ್ಲಿ ನಾನು ಮೂರನೆಯವಳು. ಅಕ್ಕಂದಿರ ಲಂಗ ನನಗೆ, ನನ್ನದು ತಂಗಿಗೆ. ಅಮ್ಮ ನನ್ನನ್ನು ಕರೆಯುವಾಗ ಉಳಿದ ಮೂವರ ಹೆಸರೂ ಬಾಯಿಗೆ ಬಂದು ಹೋದ ಮೇಲೆ ನನ್ನದು ಬರುತ್ತಿತ್ತು. ಅಂಥವಳನ್ನು ಅಜ್ಜ ಮಣೆಯ ಮೇಲೆ ಕೂರಿಸಿ, "ನೀನು ಸಾಮಾನ್ಯದವಳಲ್ಲ ಮಗಾ, ಇವರ್ಯಾರಿಗೂ ಇಲ್ಲದ ಕಣ್ಣು ನಿನಗಿದೆ" ಅನ್ನುತ್ತಿದ್ದರು. ಹತ್ತು ವರ್ಷದ ಹುಡುಗಿಗೆ ಇನ್ನೇನು ಬೇಕು? ನಾನು ನಂಬಿದೆ. ನನಗೆ ಕಾಣುತ್ತಲೂ ಇತ್ತು. ಹೀಗಂದರೆ ಈಗಿನವರು ನಗುತ್ತಾರೆ, ನಗಲಿ. ಎಲೆಯೊಳಗೆ ಕಸ ಗುಡಿಸುವವನು ಬಂದನಾ ಎಂದು ಅಜ್ಜ ಕೇಳುವರು, ಬರುತ್ತಿದ್ದ. ನೀರು ಚಿಮುಕಿಸಿದನಾ, ಚಿಮುಕಿಸುತ್ತಿದ್ದ. ಕುರ್ಚಿ ಹಾಕಿದರಾ, ಆಂಜನೇಯಸ್ವಾಮಿ ಬಂದು ಕೂತರಾ... ಕೂರುತ್ತಿದ್ದರು. ಆಮೇಲೆ ಕಳ್ಳನ ಸರದಿ.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಗುಮಾಸ್ತರ ಮನೆಗೆ ಕರೆದರು. ಅವರ ಹೆಂಡತಿಯ ಬೆಂಡೋಲೆ ಕಳೆದಿತ್ತು. ಅವರ ಮನೆಯ ಮುಸುರೆ ತಿಕ್ಕುತ್ತಿದ್ದ ತಮಿಳಮ್ಮ ಹೊಸ್ತಿಲಾಚೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗುಮಾಸ್ತರ ಹಿತ್ತಿಲಿನ ಷೆಡ್ಡಿನಲ್ಲೇ ಅವಳ ವಾಸ. ಕಳ್ಳಿ ಅನ್ನಿಸಿಕೊಂಡರೆ ಕೆಲಸವೂ ಹೋಗಿ ಸೂರೂ ಹೋಗಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಗಂಡಸಾ, ಹೆಂಗಸಾ?" ಅಜ್ಜ ಕೇಳಿದರು. ಹೆಂಗಸು ಅಂದೆ. ಸೀರೆ ಕೆಂಪಾ ಅಂದರು, ಕೆಂಪಾಯಿತು. "ಮೂಗುತಿ ಒಂದೇ ಕಡೆನಾ, ಎರಡೂ ಕಡೆನಾ? ಸರಿಯಾಗಿ ನೋಡು."

ಆ ಪ್ರಶ್ನೆ ಬರುವ ತನಕ ಎಲೆಯೊಳಗಿನ ಹೆಂಗಸಿಗೆ ಮೂಗೇ ಇರಲಿಲ್ಲ. ಕೇಳಿದ ಕೂಡಲೇ ಎರಡು ಮೂಗುತಿ ಮಿಂಚಿದವು. ನಮ್ಮ ಸಾಲಿನಲ್ಲಿ ಎರಡೂ ಕಡೆ ಮೂಗುತಿ ಇದ್ದವಳು ತಮಿಳಮ್ಮ ಒಬ್ಬಳೇ. ನಾನು ತಲೆಯೆತ್ತಿದೆ. ಎಲ್ಲರೂ ಆಗಲೇ ಹೊಸ್ತಿಲ ಕಡೆ ತಿರುಗಿದ್ದರು. ನನ್ನ ಉತ್ತರಕ್ಕೆ ಯಾರೂ ಕಾದಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅಜ್ಜ, ನೀವು ಕೇಳಿದ ಮೇಲೆ ಬರ್ತಾ ಇದೆ, ಅದಕ್ಕೆ ಮುಂಚೆ ಇರ್ಲಿಲ್ಲ" ಅಂದೆ. "ಆನೆ ಇದೆಯಾ ಅಂತ ಕೇಳಿ. ಆನೆನೂ ಬರುತ್ತೆ."

"ಬಾಯಿ ಮುಚ್ಚೇ!" ಅಮ್ಮ ಗದರಿದಳು. ಬಾಗಿಲಲ್ಲಿ ನಿಂತಿದ್ದ ಲಾರಿ ಮೆಕ್ಯಾನಿಕ್ ಸಾಹೇಬರು ಮಾತ್ರ, "ಕೇಳಿ ನೋಡಿ ಅಜ್ಜಾರೆ, ಏನು ಹೋಗುತ್ತೆ?" ಅಂದರು.

ಅಜ್ಜ ಕೇಳಲಿಲ್ಲ. ನನಗೆ ನಾನೇ ಕೇಳಿಕೊಂಡು ಎಲೆಗೆ ಕಣ್ಣು ನೆಟ್ಟೆ. ನಿಜಕ್ಕೂ ಬಂತು. "ಬಂತು! ಸೊಂಡಿಲು ಎತ್ತಿದೆ, ಕೊರಳಲ್ಲಿ ಗಂಟೆ ಇದೆ. ಓಲೆ ಕದ್ದಿದ್ದು ಇದೇ, ಹಿಡೀರಿ ಹೋಗಿ!" ಎಂದು ಕೂಗಿದೆ. ಸಾಹೇಬರು ಗಹಗಹಿಸಿ ನಕ್ಕರು. ಇನ್ನೂ ಒಬ್ಬಿಬ್ಬರು ನಕ್ಕರು. ಗುಂಪು ಚದುರಿತು. ಅಮ್ಮ ಮನೆಗೆ ಎಳೆದುಕೊಂಡು ಹೋಗಿ ನಾಲ್ಕು ಬಿಗಿದಳು. ನಾನು ಅಳಲಿಲ್ಲ.

ಎರಡು ದಿನ ಬಿಟ್ಟು ಅಜ್ಜ ಬೀದಿ ನಲ್ಲಿಯ ಹತ್ತಿರ ಸಿಕ್ಕಿದರು. ಸುತ್ತ ಯಾರೂ ಇರಲಿಲ್ಲ. "ನಿಜವಾಗ್ಲೂ ಆನೆ ಕಂಡಿತಾ ಮಗಾ?" ಮೆಲ್ಲಗೆ ಕೇಳಿದರು. ಕಂಡಿತು ಅಜ್ಜ, ನಿಮ್ಮಾಣೆ, ಅಂದೆ. ಅವರು ತುಂಬಿದ ಕೊಡವನ್ನು ನಲ್ಲಿಯಿಂದ ಈಚೆಗೆ ಸರಿಸಿದರು. "ನನಗೆ ಒಂದ್ಸಲನೂ ಏನೂ ಕಂಡಿಲ್ಲ ಕಣೆ. ಮಕ್ಕಳು ಕಂಡಿತು ಅಂತಿದ್ರು. ಅದನ್ನೇ ನಂಬ್ಕೊಂಡು ಬಂದೆ..."

ಇವರು ನಮ್ಮನ್ನು ನಂಬಿ, ನಾವು ಇವರನ್ನು ನಂಬಿ, ಎಷ್ಟು ಜನರನ್ನು ಕಳ್ಳರು ಮಾಡಿದ್ದೆವೋ! ಅಜ್ಜ ಈಗ ನೆಟ್ಟಗೆ ಗುಮಾಸ್ತರ ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತಾರೆ ಅಂದುಕೊಂಡೆ.

ಹೇಳಲಿಲ್ಲ. ನನ್ನ ಕಣ್ಣಿನ ಶಕ್ತಿ ಹೋಗಿದೆ ಎಂದು ಕ್ವಾರ್ಟರ್ಸ್‌ನವರು ತೀರ್ಮಾನಿಸಿದ್ದರು. ಅಂಥ ಶಕ್ತಿಯೇ ಇಲ್ಲ ಅನ್ನುವುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಮುಂದಿನ ಭಾನುವಾರ ಅಜ್ಜ ಶಿವಮೊಗ್ಗದ ಕೋಟೆ ಬೀದಿಯಿಂದ ಇನ್ನೊಂದು ಹುಡುಗಿಯನ್ನು ಕರೆತಂದು ಅದೇ ಮಣೆಯ ಮೇಲೆ ಕೂರಿಸಿದರು, ಅದೇ ಪ್ರಶ್ನೆಗಳನ್ನು ಕೇಳಿದರು. ಅವಳಿಗೂ ಎರಡು ಮೂಗುತಿ ಕಂಡವು. "ನಾನು ತೊಗೊಂಡಿಲ್ಲ ತಾಯಿ, ಮಕ್ಕಳಾಣೆ" ಎಂದು ತಮಿಳಮ್ಮ ಅಂಗಳದಲ್ಲಿ ಹೊರಳಿ ಅತ್ತಳು. ಸಂಜೆಯೊಳಗೆ ಷೆಡ್ಡು ಖಾಲಿಯಾಯಿತು.

ಬೆಂಡೋಲೆ ಸಿಗಲೇ ಇಲ್ಲ. ಅವಳು ಹೋದ ಮೇಲೆ ಯಾರೂ ಹುಡುಕಲೂ ಇಲ್ಲ. ತಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಹೆಸರನ್ನು ಒಂದು ಮಗುವಿನ ಬಾಯಲ್ಲಿ ಹೇಳಿಸಬೇಕಿತ್ತು, ಹೇಳಿಸಿದರು. ಊರಿನವರಾದರೂ ಗೊತ್ತಿಲ್ಲದೆ ಮಾಡಿದರು ಅನ್ನೋಣ. ಅಜ್ಜನಿಗೆ ಗೊತ್ತಿತ್ತಲ್ಲ! ನಾಲ್ಕು ಜನರ ಮುಂದೆ ಅಂಜನದಜ್ಜ ಅಲ್ಲದೆ ಬರೀ ಮುದುಕನಾಗಿ ನಿಲ್ಲಲು ಅವರಿಗೆ ಧೈರ್ಯ ಸಾಲಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ನಾನು ಕಾಲೇಜಿಗೆಂದು ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಜ್ಜ ಹಾಸಿಗೆ ಹಿಡಿದಿದ್ದಾರೆ, ನಿನ್ನನ್ನೇ ಕೇಳುತ್ತಿದ್ದಾರೆ ಎಂದು ಅಮ್ಮ ಬಂದಳು. "ಹೋಗಿ ಒಂದು ಮಾತಾಡಿಸಿ ಬಾರೇ ಮಾರಾಯ್ತಿ, ಸಾಯೋ ಜೀವ" ಎಂದು ಗೋಗರೆದಳು. ಅರ್ಧ ಗಂಟೆಯ ರೈಲು ದಾರಿ. ಹೋಗಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಕಲ್ಲು ಮನಸ್ಸಿನವಳು ಎಂದು ಅಮ್ಮ ಕೊನೆಯವರೆಗೂ ಅಂದಳು, ಅನ್ನಲಿ. ನನ್ನ ಬಾಲ್ಯದಲ್ಲಿ ನನ್ನನ್ನು ಗುರುತಿಸಿ ಕರೆದ ಮೊದಲ ಮನುಷ್ಯ ಅವರು. ಹಿತ್ತಿಲಿನಲ್ಲಿ ನಿಂತು ಮೊನ್ನೆಯೂ ಅವರಿಗಾಗಿ ಅತ್ತೆ. ಅವರು ಕ್ಷಮೆ ಕೇಳಿದ್ದರೆ ನಾನು ಖಂಡಿತ ಕ್ಷಮಿಸಿಬಿಡುತ್ತಿದ್ದೆ. ಅದಕ್ಕೇ ಹೋಗಲಿಲ್ಲ. ಕ್ಷಮಿಸಬೇಕಾದವಳು ಎರಡು ಮಕ್ಕಳ ಕೈ ಹಿಡಿದು ಎತ್ತಲೋ ಹೋಗಿದ್ದಳು.