ಹಾವೆಲ್ಕಾ ಅವರು ಬಾಕಿ ಉಳಿಸಿದ್ದ ನಮಸ್ಕಾರ

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನಿಗೆ ಹಾರ, ತಡೆದವನಿಗೆ ಗಾಯ ಎಂಬುದು ಲೋಕರೂಢಿ. ಎದುರಾಳಿಯನ್ನು ತಡೆಯುವುದನ್ನೇ ಘನವಾದ ಕಾಯಕವನ್ನಾಗಿ ಮಾಡಿಕೊಂಡು, ಮೊರಾವಿಯಾದ ನಮ್ಮ ಪುಟ್ಟ ಲುಚ್ನಿತ್ಸೆಯ ಹೆಸರನ್ನು ಸೈಪ್ರಸ್ಸಿನ ಕಡಲತೀರದಿಂದ ನಾರ್ವೆಯ ಹಿಮದವರೆಗೆ ಕೊಂಡೊಯ್ದ ಶ್ರೀ ಲುಬೋರ್ ಹಾವೆಲ್ಕಾ ಅವರು ಈ ಬೇಸಿಗೆಯಲ್ಲಿ ಆಟದಿಂದ ನಿವೃತ್ತರಾಗಿದ್ದಾರೆ. ನಮ್ಮ ದೇಶದ ಡಿಫೆಂಡರುಗಳಲ್ಲಿ ಅವರಷ್ಟು ನೆಲ ಸುತ್ತಿದವರು ವಿರಳ. ಅವರ ಮುಖವನ್ನು ಪತ್ರಿಕೆಗಳು ಕಂಡಿವೆ. ಗೋಲ್‌ಕೀಪರನಾಗಿ ಅವರ ಹಿಂದೆ ನಿಂತು ವರ್ಷಗಟ್ಟಲೆ ಬೆನ್ನನ್ನೇ ನೋಡಿದವನು ನಾನು. ಹಾಗಾಗಿ ಬರಿಯ ಹೊಗಳಿಕೆ ನನ್ನಿಂದಾಗದು.

ಇಬ್ಬರೂ ಒಂದೇ ವರ್ಷ ಹಿರಿಯರ ತಂಡಕ್ಕೆ ಬಂದೆವು. ನನ್ನ ಮೊದಮೊದಲ ಪಂದ್ಯವೊಂದರಲ್ಲಿ, ಹಸುಗೂಸೂ ಹಿಡಿಯಬಹುದಾಗಿದ್ದ ಚೆಂಡು ನನ್ನ ಕಾಲಸಂದಿಯಲ್ಲಿ ನುಸುಳಿ ಬಲೆ ಸೇರಿತು. ದೂರದಲ್ಲಿದ್ದ ಹಾವೆಲ್ಕಾ ಅವರು ತಟ್ಟನೆ ಕೈಯೆತ್ತಿ, ತಪ್ಪು ತಮ್ಮದೆಂದು ಅಭಿಮಾನಿಗಳ ಅಟ್ಟಣೆಗೆ ಸನ್ನೆ ಮಾಡಿದರು. ಬೈಗುಳವೆಲ್ಲ ಅವರ ಪಾಲಾಯಿತು.

"ಯಾಕೋ ಸುಳ್ಳು ಹೇಳ್ದೆ?" ಎಂದು ಆಮೇಲೆ ಕೇಳಿದೆ.

"ನಿನ್ ತಲೆ ಕೆಟ್ರೆ ಇನ್ನೂ ನಾಲ್ಕು ಬಿಡ್ತೀಯ. ನನ್ನ ಬೈದ್ರೆ ನಂದೇನು ಸವೆಯುತ್ತೆ?" ಎಂದರು.

ಇಷ್ಟು ಗಟ್ಟಿ ಮನುಷ್ಯ ಒಂದು ದಿನ ಓಡಿಹೋದರು. ಅದನ್ನು ಇಲ್ಲಿ ಮುಚ್ಚಿಟ್ಟರೆ ಅವರೇ ನನ್ನನ್ನು ಕ್ಷಮಿಸಲಾರರು.

ಪಂದ್ಯ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಆಟಗಾರರು ಕೈಕೈ ಹಿಡಿದು ಅಟ್ಟಣೆಯ ಮುಂದೆ ಸಾಲಾಗಿ ನಿಂತು ತಲೆಬಾಗುವುದು ನಮ್ಮಲ್ಲಿಯ ಪದ್ಧತಿ. ಗೆದ್ದ ದಿನ ಅದು ಕುಣಿತ, ಸೋತ ದಿನ ಮಂಗಳಾರತಿ. ಅಟ್ಟಣೆ ಒಬ್ಬೊಬ್ಬರ ಹೆಸರನ್ನು ಕೂಗುತ್ತದೆ. ಹೆಸರಿಗೊಂದರಂತೆ ಡೋಲಿನ ಪೆಟ್ಟು ಬೀಳುತ್ತದೆ. ಆ ಡೋಲು ಬೇಕರಿಯ ಶ್ರೀಮತಿ ಕ್ವೇತಾ ಸೋಬೊಟ್ಕೋವಾ ಅವರದು. ಅವರ ಪೆಟ್ಟು ಬಿದ್ದವನು ಮಾತ್ರ ಲುಚ್ನಿತ್ಸೆಯವನು. ಉಳಿದವರೆಲ್ಲ ಬಂದು ಹೋಗುವವರು.

ನಾವು ಎರಡನೆಯ ದರ್ಜೆಯಿಂದ ಕೆಳಗಿಳಿದ ವರ್ಷದ ಕೊನೆಯ ಪಂದ್ಯವದು. ಸಮ ಮಾಡಿಕೊಂಡಿದ್ದರೂ ಉಳಿಯುತ್ತಿದ್ದೆವು. ಕೊನೆಗಳಿಗೆಯಲ್ಲಿ ಹಾವೆಲ್ಕಾ ಅವರು ಎದುರಾಳಿಯ ಕಾಲಿಗೆ ಕಾಲು ಕೊಟ್ಟರು, ಪೆನಾಲ್ಟಿ ಆಯಿತು, ನಾನು ಬಲಕ್ಕೆ ಹಾರಿದೆ, ಚೆಂಡು ಎಡಕ್ಕೆ ಹೋಯಿತು. ಅವರು ಸೈಪ್ರಸ್ಸಿನ ತಂಡಕ್ಕೆ ಒಪ್ಪಿಕೊಂಡಿರುವ ಸುದ್ದಿ ಊರಿಗೆಲ್ಲ ಮೊದಲೇ ಗೊತ್ತಿತ್ತು. ಕೈಕೈ ಹಿಡಿದು ಅಟ್ಟಣೆಯತ್ತ ಹೊರಟಾಗ ನನ್ನ ಎಡಗೈ ಖಾಲಿಯಿತ್ತು. ಹಾವೆಲ್ಕಾ ತಲೆತಗ್ಗಿಸಿಕೊಂಡು ಒಳಗೆ ಹೋಗಿಬಿಟ್ಟಿದ್ದರು. ಮರುದಿನ ಊರನ್ನೇ ಬಿಟ್ಟರು.

ಬೇಕರಿಯಲ್ಲಿ ಯಾರೋ ಅವರ ಪರ ವಹಿಸಿದಾಗ ಕ್ವೇತಾ ಅವರು ಕೆಂಡವಾದರು. "ಪೆನಾಲ್ಟಿ ಯಾರ್ ಕೊಡಲ್ಲ ಹೇಳು? ಅದನ್ನ ಅವತ್ತೇ ಬಿಟ್ಟೆ. ಎಲ್ಲಾರೂ ಒಟ್ಟಿಗೆ ನಿಂತು ಅಳೋ ಹೊತ್ತಲ್ಲಿ ನಮಗೆ ಬೆನ್ನು ತೋರಿಸಿ ಹೋದ್ನಲ್ಲ, ಅದನ್ನ ಬಿಡಲ್ಲ. ಇನ್ನು ಅವನ ಹೆಸರಿಗೆ ಈ ಕೈ ಡೋಲು ಮುಟ್ಟಲ್ಲ."

ಅಲ್ಲಿಂದ ಮುಂದಿನದು ಅವರ ದಿಗ್ವಿಜಯದ ಕಾಲ. ಸೈಪ್ರಸ್, ಟರ್ಕಿಯ ಕಪ್ಪು ಸಮುದ್ರದ ದಡ, ನಾರ್ವೆಯ ಮೀನುಗಾರರ ಊರು, ಕಝಾಕ್‌ಸ್ತಾನದ ಹುಲ್ಲುಗಾವಲು — ಹೋದಲ್ಲೆಲ್ಲ ಅವರು ನಾಯಕಪಟ್ಟಿ ಕಟ್ಟಿದರು. ನಾರ್ವೆಯಲ್ಲಿ, ಗ್ಯಾಂಬಿಯಾದಿಂದ ಬಂದಿದ್ದ ಹೊಸ ಡಿಫೆಂಡರೊಬ್ಬರು ಕ್ರಿಸ್‌ಮಸ್ ಸಂಜೆ ಒಬ್ಬರೇ ಇರುವುದನ್ನು ತಿಳಿದು, ಮನೆಗೆ ಕರೆದೊಯ್ದು, ಕರಿದ ಕಾರ್ಪ್ ಮೀನು, ಆಲೂಗಡ್ಡೆ ಸಲಾಡ್ ಬಡಿಸಿ, ನಮ್ಮಲ್ಲಿ ಮಾಡುವಂತೆಯೇ ಮೀನಿನ ಒಂದು ಹುರುಪೆಯನ್ನು ಅದೃಷ್ಟಕ್ಕೆಂದು ಅವರ ಪರ್ಸಿನಲ್ಲಿಟ್ಟು ಕಳಿಸಿದರಂತೆ. ಸೈಪ್ರಸ್ಸಿನಿಂದ ನಮ್ಮ ಶಾಲೆಯ ಮಕ್ಕಳಿಗೆ ಪ್ರತಿ ಡಿಸೆಂಬರಿನಲ್ಲಿ ಹಾವೆಲ್ಕಾ ಅವರು ಕಳಿಸಿದ ಕಿತ್ತಳೆಹಣ್ಣು ಬರುತ್ತಿತ್ತು. ಊರೆಲ್ಲ ತಿಂದಿತು. ಕ್ವೇತಾ ಅವರು ಮಾತ್ರ ಸಿಪ್ಪೆಯನ್ನೂ ಸುಲಿಯದೆ "ಹುಳಿ" ಎಂದು ತೀರ್ಪು ಕೊಟ್ಟರು.

ಟರ್ಕಿಯಲ್ಲಿ ಅವರ ಆಟ ನೋಡಲು ನಾನೊಮ್ಮೆ ಹೋಗಿದ್ದೆ. ಅಂದು ಸೋತಿದ್ದರು. ಆದರೂ ಹಾವೆಲ್ಕಾ ಅವರು ಜೊತೆಗಾರರ ಕೈಗಳನ್ನು ಒಂದಕ್ಕೊಂದು ಸೇರಿಸಿ ಎಳೆದುಕೊಂಡೇ ಅಟ್ಟಣೆಯ ಮುಂದೆ ನಿಲ್ಲಿಸಿದರು. "ಇವನೊಬ್ಬ, ಸೋತಾಗ್ಲೂ ಮದುವೆ ದಿಬ್ಬಣ ಹೊರಡಿಸ್ತಾನೆ!" ಎಂದು ಅಲ್ಲಿನ ಗೋಲ್‌ಕೀಪರ್ ಗೊಣಗಿದನಂತೆ, ಗೊಣಗಿಯೂ ತಲೆಬಾಗಿದ. ಹಾವೆಲ್ಕಾ ಅವರ ಬಾಗಿದ ಬೆನ್ನು ನೋಡಿ ನನಗೆ ಅರ್ಥವಾಯಿತು: ಊರಲ್ಲಿ ತಪ್ಪಿಸಿದ್ದನ್ನು ಅವರು ದೇಶದೇಶಗಳಲ್ಲಿ ತೀರಿಸುತ್ತಿದ್ದರು. ಬಂದು ಕ್ವೇತಾ ಅವರಿಗೆ ಹೇಳಿದರೆ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹಿಟ್ಟು ನಾದತೊಡಗಿದರು.

ಎರಡು ವರ್ಷದ ಹಿಂದೆ, ಮಂಡಿಗಳೆರಡೂ ಸವೆದ ಮೇಲೆ, ನಾಲ್ಕನೆಯ ದರ್ಜೆಗೆ ಜಾರಿದ್ದ ನಮ್ಮ ತಂಡಕ್ಕೇ ಮರಳಿದರು. ಅಷ್ಟರಲ್ಲಿ ನಾನು ಆಟ ಬಿಟ್ಟು ಅಟ್ಟಣೆ ಸೇರಿದ್ದೆ. ಊರು ಚಪ್ಪಾಳೆ ತಟ್ಟಿತು. ಪ್ರತಿ ಪಂದ್ಯದ ಕೊನೆಗೆ ಸಾಲಿನಲ್ಲಿ ನಿಂತರು, ಅಟ್ಟಣೆ ಅವರ ಹೆಸರನ್ನೂ ಕೂಗಿತು. ಆ ಒಂದು ಹೆಸರಿಗೆ ಕ್ವೇತಾ ಅವರ ಕೋಲು ತೊಡೆಯ ಮೇಲೆ ಮಲಗಿತು. ಬೆಳಿಗ್ಗೆ ಹಾವೆಲ್ಕಾ ಅವರೇ ಬೇಕರಿಗೆ ಹೋಗಿ ಬನ್ನು ಕೊಳ್ಳುತ್ತಿದ್ದರು. ಬನ್ನು ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

"ಅಂಗಡೀಲೇ ಒಂದ್ ಮಾತು ಹೇಳಿ ಮುಗಿಸೋ ಮಾರಾಯ," ಎಂದೆ.

"ಓಡಿಹೋಗಿದ್ದು ಬಯಲಿಂದ. ಅಂಗಡೀಲಿ ಹೇಳಿದ್ರೆ ಅದೂ ಓಡಿಹೋದ ಹಾಗೇನೇ," ಎಂದರು. ಆ ಡೋಲಿನ ಸದ್ದು ಕೇಳದೆ ಬೂಟು ಕಳಚಬೇಕಾಗುತ್ತದೆಂಬ ಕೊರಗು ಅವರನ್ನು ತಿನ್ನುತ್ತಿತ್ತು.

ಇದೇ ಜೂನ್‌ನಲ್ಲಿ ಅವರ ಕೊನೆಯ ಪಂದ್ಯ. ವಿದಾಯಕ್ಕೆ ತಕ್ಕ ಜಯ ಸಿಕ್ಕಿತೆಂದು ಬರೆಯಲು ನನಗೂ ಆಸೆ. ಆದರೆ ನಾಲ್ಕು ಗೋಲು ತಿಂದು ಸೋತೆವು, ಅದರಲ್ಲೊಂದು ಹಾವೆಲ್ಕಾ ಅವರೇ ಕಾಲುಜಾರಿ ಬಿಟ್ಟುಕೊಟ್ಟದ್ದು. ಅಟ್ಟಣೆ ಕೆರಳಿ ಕೂಗುತ್ತಿತ್ತು. ಎಳೆಯ ಆಟಗಾರರು ಮುಖ ಮುಚ್ಚಿಕೊಂಡು ಒಬ್ಬರ ಹಿಂದೊಬ್ಬರು ಒಳಗೆ ಜಾರಿಕೊಂಡರು. ಬಯಲ ನಡುವೆ ಉಳಿದದ್ದು ಇವರೊಬ್ಬರೇ. ಒಳಬಾಗಿಲ ಕಡೆಗೊಮ್ಮೆ ನೋಡಿದರು. ಆಮೇಲೆ ಅಟ್ಟಣೆಯತ್ತ ನಡೆದು ಬಂದು, ಅಕ್ಕಪಕ್ಕ ಯಾರೂ ಇಲ್ಲದಿದ್ದರೂ, ರೂಢಿಯ ಬಲದಿಂದ ಎರಡೂ ತೋಳು ಚಾಚಿ ನಿಂತರು. ಕೂಗು ಅಡಗಿತು.

"ಅವತ್ತು ನಿಮಗೆ ಮುಖ ತೋರಿಸೋ ಧೈರ್ಯ ಇರಲಿಲ್ಲ. ಇವತ್ತು ಬಂದಿದೀನಿ. ಬೈಯೋದಿದ್ರೆ ಬೈದುಬಿಡಿ," ಎಂದು ತಲೆಬಾಗಿದರು.

ಯಾರೂ ಬೈಯಲಿಲ್ಲ. ಯಾರೂ ಹೆಸರು ಕೂಗಲೂ ಇಲ್ಲ. ಎಲ್ಲರ ಕಣ್ಣೂ ಕ್ವೇತಾ ಅವರ ಮೇಲೆ. ಅವರು ಕೋಲನ್ನು ಬೆಂಚಿನ ಮೇಲಿಟ್ಟರು. ಎದ್ದರು. ಹೊರಟೇಹೋಗುತ್ತಾರೆಂದುಕೊಂಡೆ. ನೋಯುವ ಕಾಲೆಳೆಯುತ್ತ ಮೆಟ್ಟಿಲಿಳಿದು, ಕಂಬಿಯ ಬಾಗಿಲು ತೆರೆಸಿಕೊಂಡು ಬಯಲಿಗೇ ಬಂದರು.

"ಒಬ್ನೇ ನಮಸ್ಕಾರ ಮಾಡ್ತಾರೇನೋ, ಪೆದ್ದ? ತಾ ಕೈ," ಎಂದು ಅವರ ಕೈ ಹಿಡಿದು ಪಕ್ಕದಲ್ಲಿ ನಿಂತರು. ನಾನೂ ಸಾಸೇಜಿನ ಸಾಸಿವೆ ಮೆತ್ತಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಂಬಿ ಹಾರಿ, ಅಂದು ಖಾಲಿ ಉಳಿದಿದ್ದ ಎಡಗೈಯಲ್ಲಿ ಅವರ ಇನ್ನೊಂದು ಕೈ ಹಿಡಿದೆ.

ಅಟ್ಟಣೆ "ಹಾವೆಲ್ಕಾ!" ಎಂದು ಗುಡುಗಿತು. ಡೋಲು ಸುಮ್ಮನಿತ್ತು.

"ಯಾರಾದ್ರೂ ಹೊಡೀರೋ ಅದನ್ನ!" ಎಂದು ಕ್ವೇತಾ ಅವರು ಮೇಲೆ ನೋಡಿ ಗದರಿದರು. "ಕಾಣಲ್ವಾ? ನನ್ ಕೈ ಖಾಲಿ ಇಲ್ಲ!"

ಡೋಲು ಮೊಳಗಿತು. ಹಾವೆಲ್ಕಾ ಅವರು ಅತ್ತರು. ನಾವೂ ಅತ್ತೆವು, ಅದರಲ್ಲಿ ನಾಚಿಕೆಯೇನು?

ಈಗ ಅವರು ನಮ್ಮ ಎಳೆಯರಿಗೆ ತರಬೇತಿ ಕೊಡುತ್ತಿದ್ದಾರೆ. ಅದಕ್ಕಿಂತ ಮುಖ್ಯವಾದ ಹೊಣೆ ಇನ್ನೊಂದಿದೆ: ಭಾನುವಾರ ಆ ಡೋಲನ್ನು ಹೊತ್ತು ಅಟ್ಟಣೆ ಹತ್ತಿಸುವುದು. ಒಂದು ಗಳಿಗೆ ತಡವಾದರೂ ಕ್ವೇತಾ ಅವರ ಬೈಗುಳ ಬೇಕರಿಯ ಬೀದಿಯವರೆಗೆ ಕೇಳಿಸುತ್ತದೆ. ಆ ಬೈಗುಳ ತಿನ್ನಲು ಶ್ರೀ ಲುಬೋರ್ ಹಾವೆಲ್ಕಾ ಅವರಿಗೆ ನೂರು ವರ್ಷ ಆಯುಸ್ಸಿರಲಿ. ಬೈಯಲು ಆಕೆಗೆ ಅದಕ್ಕಿಂತ ಒಂದು ದಿನ ಹೆಚ್ಚೇ ಇರಲಿ.