ಚಂದ್ರಕಲಾ ತನ್ನ ಹೆಸರನ್ನೇ ಅಳಿಸಿದ ದಿನ

ಚಿತ್ತವಾಡ್ಗಿಯ ಚಂದ್ರಕಲಾ ಹದಿನೆಂಟು ವರ್ಷದ ಹಿಂದೆ ಸಂಡೂರಿನ ಒಂದು ವೇಬ್ರಿಡ್ಜಿನಲ್ಲಿ ಅದಿರು ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದವಳು. ಅಲ್ಲಿನ ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವರ ಬೆನ್ನ ಹಿಂದೆ ನಿಂತು, ನೋಡಿ ನೋಡಿಯೇ ಕೆಲಸ ಕಲಿತಳು. ಈಗ ಹೊಸಪೇಟೆಯ ಕಚೇರಿಯಲ್ಲಿ ಕೂತು, ಸಂಡೂರಿನಿಂದ ಕಂಪ್ಲಿಯವರೆಗಿನ ನಲವತ್ತೆರಡು ವೇಬ್ರಿಡ್ಜುಗಳ ಕಂಪ್ಯೂಟರುಗಳನ್ನು ಸಂಭಾಳಿಸುತ್ತಾಳೆ.

ಅವುಗಳೊಳಕ್ಕೆ ದೂರದಿಂದಲೇ ಹೋಗಲು ರಿಪೇರಿಯ ಪ್ರತಿಯೊಬ್ಬರಿಗೂ ಒಂದೊಂದು ಡಿಜಿಟಲ್ ಕೀ ಇದೆ. ಅದರ ಅರ್ಧ ಅವರ ಲ್ಯಾಪ್‌ಟಾಪಿನಲ್ಲಿ, ಇನ್ನರ್ಧ ವೇಬ್ರಿಡ್ಜಿನ ಕಂಪ್ಯೂಟರಿನಲ್ಲಿ. ಮೊದಲೆಲ್ಲ ಯಾರಾದರೂ ಕೆಲಸ ಬಿಟ್ಟರೆ ನಲವತ್ತೆರಡರಲ್ಲೂ ಒಂದೊಂದಾಗಿ ಕೀ ತೆಗೆಯುತ್ತ ಎರಡು ದಿನ ಹಿಡಿಯುತ್ತಿತ್ತು. ಆದರೂ ಒಂದೆರಡು ಮರೆತುಹೋಗುತ್ತಿದ್ದವು. ಬೇಸತ್ತ ಚಂದ್ರಕಲಾ ಆನ್ಸಿಬಲ್ ಎಂಬ ಸಾಫ್ಟ್‌ವೇರ್ ಕಲಿತಳು. ಪ್ರವೇಶ ಇರಬೇಕಾದವರ ಪಟ್ಟಿ ಬರೆದುಕೊಟ್ಟರೆ ಸಾಕು, ಅದೇ ಎಲ್ಲ ಕಂಪ್ಯೂಟರುಗಳಿಗೂ ಹೋಗಿ, ಪಟ್ಟಿಯಲ್ಲಿದ್ದವರ ಕೀ ಉಳಿಸಿ ಮಿಕ್ಕಿದ್ದನ್ನು ಅಳಿಸುತ್ತದೆ.

ಒಂದು ಸೋಮವಾರ ಮಧ್ಯಾಹ್ನ ರಿಪೇರಿಯ ಹುಲುಗೇಶ್ ಬಾಯಿ ಒಣಗಿಸಿಕೊಂಡು ಬಂದ. "ಅಕ್ಕಾ, ಲ್ಯಾಪ್‌ಟಾಪ್ ಸಂಡೂರ ಬಸ್ಸಿನ್ಯಾಗ ಬಿಟ್ಟು ಇಳದ್ಬಿಟ್ಟೆ. ಕೀಗೆ ಪಾಸ್‌ವರ್ಡೂ ಹಾಕಿದ್ದಿಲ್ಲ."

ಮ್ಯಾನೇಜರ್ ಜಂಬುನಾಥ್ ಕುರ್ಚಿ ಬಿಟ್ಟೆದ್ದರು. "ಜಲ್ದಿ ಎಲ್ಲಾದ್ರಾಗೂ ತಗದ್ಬಿಡಮ್ಮ!"

"ತಡೀರಿ ಸರ್. ಮೊದ್ಲು ಒಂದ್ರಾಗ ಮಾಡಿ ನೋಡ್ತೀನಿ."

ಪಟ್ಟಿಯಿಂದ ಹುಲುಗೇಶನ ಸಾಲು ಅಳಿಸಿದಳು. ಕಂಪ್ಲಿಯ ಕಂಪ್ಯೂಟರಿಗೆ ತನ್ನ ಪರದೆಯ ಒಂದು ಕಿಟಕಿಯಲ್ಲಿ ಲಾಗಿನ್ ಆಗಿ, ಅದನ್ನು ಹಾಗೇ ತೆರೆದಿಟ್ಟು, ಅದೊಂದಕ್ಕೇ ಪಟ್ಟಿ ಕಳಿಸಿದಳು. ಆಮೇಲೆ ಇನ್ನೊಂದು ಕಿಟಕಿಯಿಂದ ಒಳಗೆ ಹೋಗಲು ನೋಡಿದರೆ, ಪ್ರವೇಶವಿಲ್ಲ ಎಂದಿತು.

ಪಟ್ಟಿ ನೋಡಿದಳು. ಅವಸರದಲ್ಲಿ ಹುಲುಗೇಶನ ಕೆಳಗಿನ ಸಾಲೂ ಹೋಗಿತ್ತು, ಅದು ಅವಳದೇ. ಕೀ ಹಾಕುವ, ತೆಗೆಯುವ ಅಧಿಕಾರ ಅವಳ ಕೀಗಷ್ಟೇ ಇತ್ತು; ನಲವತ್ತೆರಡಕ್ಕೂ ಒಟ್ಟಿಗೇ ಕಳಿಸಿದ್ದರೆ ಊರೂರು ಅಲೆದು ಒಂದೊಂದನ್ನೂ ಸರಿಮಾಡಬೇಕಿತ್ತು.

ಇಂಥದ್ದಕ್ಕೆಂದೇ ಮೊದಲು ತೆರೆದಿಟ್ಟ ಕಿಟಕಿ ಇನ್ನೂ ಜೀವಂತವಿತ್ತು. ಆಗಲೇ ಒಳಗಿದ್ದವರನ್ನು ಕಂಪ್ಯೂಟರ್ ಹೊರಗೆ ದಬ್ಬುವುದಿಲ್ಲ. ಅಲ್ಲಿಂದಲೇ ತನ್ನ ಕೀ ಮತ್ತೆ ಹಾಕಿದಳು, ಪಟ್ಟಿ ತಿದ್ದಿದಳು, ಎರಡು ಸಲ ಓದಿದಳು. ಕಂಪ್ಲಿಗೆ ಇನ್ನೊಮ್ಮೆ ಕಳಿಸಿದಾಗ ಬಾಗಿಲು ತೆರೆಯಿತು. ಆಮೇಲೆ ಉಳಿದೆಲ್ಲಕ್ಕೂ. ಪರದೆಯ ಮೇಲೆ ಒಂದರ ಕೆಳಗೊಂದು ಕೆಲಸ ಮುಗಿಯಿತೆಂಬ ಸಾಲು ಮೂಡುತ್ತ ಹೋದಂತೆ ಅವಳ ಹೆಗಲು ಹಗುರಾಯಿತು.

ಅಷ್ಟರಲ್ಲಿ ಸಂಡೂರಿನ ಬಸ್ ನಿಲ್ದಾಣದಿಂದ ಫೋನು: ಲ್ಯಾಪ್‌ಟಾಪ್ ಕಂಡಕ್ಟರ್ ಹತ್ತಿರ ಸಿಕ್ಕಿತ್ತು.

"ಹಂಗಾರ ಹಳೇ ಕೀನ ಮತ್ತ ಹಾಕ್ತೀಯೇನಮ್ಮ?" ಎಂದರು ಜಂಬುನಾಥ್.

"ಬ್ಯಾಡ್ರಿ ಸರ್. ಯಾರ‍್ಯಾರ ಕೈಯಾಗ ಹಾದು ಬಂದೈತೋ. ಹೊಸದು ಮಾಡ್ಕೊಳ್ಳಲಿ."

ಹುಲುಗೇಶ್ ಒಂದು ಕುರ್ಚಿ ಎಳೆದುಕೊಂಡು ಕೂತ. "ಕೆಲ್ಸ ಹೋತು ಅಂದ್ಕಂಡಿದ್ದೆ ಅಕ್ಕಾ."

"ನಾನೇ ಹೊರಗ ಬೀಳ್ತಿದ್ದೆ, ಸುಮ್ನಿರಲೇ. ಉಂಡೀಯೇನು?"

ಅವನು ಉಂಡಿರಲಿಲ್ಲ. ಮೂರು ಗಂಟೆಯಾಗಿತ್ತು. ಚಂದ್ರಕಲಾ ಡಬ್ಬಿ ಬಿಚ್ಚಿ ಎರಡು ರೊಟ್ಟಿ ಅವನ ಕಡೆ ಸರಿಸಿ, ತಾನೂ ಒಂದನ್ನು ಮುರಿದಳು.